ಸಂಶೋಧನೆಯಲ್ಲಿ ಅಪ್ಪ ಅಮ್ಮ ಯಾರು? ಪಿಯರ್ ಸಪೋರ್ಟ್ ಟಿಪ್ಪಣಿ

ವಿಕಲಚೇತನ ಮಕ್ಕಳ ತಂದೆತಾಯಿ ಒಬ್ಬರಿಗೊಬ್ಬರು ಆಸರೆಯಾಗುವುದು ಪಿಯರ್ ಸಪೋರ್ಟ್. ಅದರ ಲಾಭಗಳ ಪಟ್ಟಿ ಎಲ್ಲ ನೋಟ್ಸ್‌ನಲ್ಲೂ ಇದೆ, ಇಲ್ಲಿ ಬೇಡ. ತಲೆ ತಿನ್ನುವುದು ಬೇರೆ ಪ್ರಶ್ನೆ. ಈ ಬೆಂಬಲ ಸಂಶೋಧನೆಯ ಒಳಗೆ ಬಂದರೆ ಅಲ್ಲಿರುವ ತಾಯಿ ಯಾರು? ಸಂಶೋಧಕರ ಜೊತೆಗಾರ್ತಿಯೋ, ಬೆಂಬಲ ಕೊಡುವವರೋ, ಅಧ್ಯಯನಕ್ಕೆ ಒಳಗಾಗುವವರೋ?

ಉದಾಹರಣೆಗೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪೆನ್‌ಕ್ರು ತಂಡ. ಮಕ್ಕಳ ಅಂಗವೈಕಲ್ಯದ ಸಂಶೋಧನೆಯೇ ಇವರ ಕೆಲಸ. ಜೊತೆಗೆ ಕೆಲಸ ಮಾಡುವ ಪೋಷಕರ ಬಳಗಕ್ಕೆ ಫ್ಯಾಮಿಲಿ ಫ್ಯಾಕಲ್ಟಿ ಎಂದು ಹೆಸರು. ‘ಮಕ್ಕಳ ಆರೋಗ್ಯ ಸರಿ, ನಮ್ಮ ಆರೋಗ್ಯದ ಗತಿ ಏನು’ ಎಂಬ ಪೋಷಕರ ಕಾಳಜಿಯಿಂದ ‘ಹೆಲ್ದಿ ಪೇರೆಂಟ್ ಕೇರರ್ಸ್’ ಎಂಬ ಕಾರ್ಯಕ್ರಮ ಬೆಳೆಯಿತು. ಇದರಲ್ಲಿ 12 ಪಾಠಗಳು. ಗುಂಪು ನಡೆಸುವವರೂ ತರಬೇತಿ ಪಡೆದ ಪೋಷಕರೇ. ಮೊದಲ ಟ್ರಯಲ್‌ನಲ್ಲಿ ಒಂದು ಕಡೆಯವರಿಗೆ ಗುಂಪು ಮತ್ತು ಆನ್‌ಲೈನ್ ಪಾಠ ಎರಡೂ ಸಿಕ್ಕವು, ಇನ್ನೊಂದು ಕಡೆಯವರಿಗೆ ಬರೀ ಆನ್‌ಲೈನ್.

ಗೊಂದಲ ಹುಟ್ಟುವುದು ಇಲ್ಲೇ. ಯೋಜನೆ ರೂಪಿಸಲು ಕೈಜೋಡಿಸಿದವರು ಪೋಷಕರು, ಗುಂಪು ನಡೆಸಿದವರು ಪೋಷಕರು, ಗುಂಪಿಗೆ ಬಂದವರೂ ಪೋಷಕರು. ಮದುವೆ ಮನೆಯಲ್ಲಿ ಒಬ್ಬರೇ ಅತ್ತೆ ಬಡಿಸುವುದಕ್ಕೂ ನಿಂತು ಪಂಕ್ತಿಯಲ್ಲೂ ಕೂತ ಹಾಗೆ! ಗುಂಪು ನಡೆಸಿದ ತಾಯಿಯನ್ನು ಆಮೇಲೆ ‘ಹೇಗಿತ್ತು’ ಅಂತ ಸಂದರ್ಶನ ಮಾಡಿದರೆ, ಆ ಹೊತ್ತಿಗೆ ಅವರೂ ಅಧ್ಯಯನಕ್ಕೆ ಒಳಗಾದವರೇ.

ಗೊಂದಲ ಬಿಡಿಸಲು ನನ್ನ ಸುಲಭದ ದಾರಿ ಇದು: ಪೋಷಕರು ಆಡಿದ ಮಾತು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಮನುಷ್ಯರನ್ನು ನೋಡಬೇಡಿ, ಮಾತಿನ ಹಿಂದೆ ಹೋಗಿ.

ಒಂದು ಪ್ರಶ್ನಾವಳಿ ತಯಾರಾಗುತ್ತಿದೆ ಅಂದುಕೊಳ್ಳಿ. ಅದರಲ್ಲಿ ‘ಮಗು ರಾತ್ರಿ ಎಷ್ಟು ಗಂಟೆ ಮಲಗುತ್ತದೆ?’ ಎಂದಿದೆ. ಒಬ್ಬ ತಾಯಿ ಹೇಳುತ್ತಾರೆ: ‘ಅದನ್ನಲ್ಲ, ನಾವು ಎಷ್ಟು ಸಲ ಏಳ್ತೀವಿ ಅಂತ ಕೇಳಿ. ನಾನು ನಾಲ್ಕು ಸಲ ಏಳ್ತೀನಿ, ಮಗುವಿನ ಮಗ್ಗುಲು ಬದಲಿಸಬೇಕಲ್ಲ.’ ಪ್ರಶ್ನೆ ತಿದ್ದಿದ್ದು ಜೊತೆಗಾರರ ಕೆಲಸ. ಇದಕ್ಕೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎಥಿಕ್ಸ್ ಅನುಮತಿ, ಅಂದರೆ ಸಂಶೋಧನೆಯ ನೀತಿ ನೋಡುವ ಸಮಿತಿಯ ಒಪ್ಪಿಗೆ, ಬೇಕಿಲ್ಲ. ಆದರೆ ಸಂಶೋಧಕರು ‘ನಾಲ್ಕು ಸಲ’ ಎಂಬುದನ್ನು ಗುರುತು ಹಾಕಿಕೊಂಡು ವರದಿಯಲ್ಲಿ ಅಂಕಿಅಂಶದಂತೆ ಬಳಸಿದರೆ? ಅದು ಡೇಟಾ. ಅದಕ್ಕೆ ಅನುಮತಿಯೂ ಬೇಕು, ಒಪ್ಪಿಗೆ ಪತ್ರವೂ ಬೇಕು. ಒಂದೇ ಉಸಿರಿನಲ್ಲಿ ಆಡಿದ ಮಾತು, ಅರ್ಧ ಇತ್ತ, ಅರ್ಧ ಅತ್ತ. ಪರೀಕ್ಷೆಯಲ್ಲಿ ‘ಪಾತ್ರಗಳನ್ನು ವಿವರಿಸಿ’ ಅಂತ ಬಂದರೆ ಇದನ್ನೇ ಬರೆಯಿರಿ, ವ್ಯಾಖ್ಯಾನ ಉರು ಹೊಡೆಯುವುದಕ್ಕಿಂತ ಮೇಲು.

ಜೊತೆಗಾರರಾದ ಪೋಷಕರಿಗೇ ಪಿಯರ್ ಸಪೋರ್ಟ್ ಯಾಕೆ ಬೇಕು ಎಂಬುದೂ ಇಲ್ಲಿ ತಿಳಿಯುತ್ತದೆ. ಡಾಕ್ಟರುಗಳು ತುಂಬಿದ ಕೋಣೆಯಲ್ಲಿ ಒಬ್ಬರೇ ಕೂತ ತಾಯಿ ಎಲ್ಲವನ್ನೂ ಹೇಳಿಬಿಡುತ್ತಾರೆ, ಇಲ್ಲವೇ ಬಾಯೇ ಬಿಡುವುದಿಲ್ಲ. ಮೊದಲೇ ಅಂಥ ಸಭೆಗೆ ಹೋಗಿ ಬಂದ ಇನ್ನೊಬ್ಬರು ಪಕ್ಕದಲ್ಲಿದ್ದರೆ ‘ಇಷ್ಟು ಹೇಳಿ ಸಾಕು, ಮಗುವಿನ ಹೆಸರು ಬೇಡ’ ಅನ್ನುತ್ತಾರೆ. ಅದಕ್ಕೇ ಸಭೆಗೆ ಒಬ್ಬ ಪೋಷಕರನ್ನು ಕರೆದು ‘ಪೋಷಕರನ್ನು ಸೇರಿಸಿಕೊಂಡಿದ್ದೇವೆ’ ಅನ್ನುವುದು ನನಗಂತೂ ಸುಮ್ನೆ ಲೆಕ್ಕ ತೋರಿಸಿದ ಹಾಗೆ ಕಾಣುತ್ತದೆ. ಇಬ್ಬರಾದರೂ ಬೇಕು.

ದುಡ್ಡಿನ ವಿಷಯದಲ್ಲೂ ಅಷ್ಟೇ. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಆರ್. ಅದರ ಮಾರ್ಗದರ್ಶಿ ಇಂಥ ಜೊತೆಗಾರರಿಗೆ ಸುಮಾರು ಒಂದು ಗಂಟೆಯ ಕೆಲಸಕ್ಕೆ 25 ಪೌಂಡ್, ಇಡೀ ದಿನಕ್ಕೆ 150 ಪೌಂಡ್ ಸೂಚಿಸುತ್ತದೆ. ಆದರೆ ಅಲ್ಲಿ ಕೇರರ್ಸ್ ಅಲವೆನ್ಸ್, ಅಂದರೆ ಮನೆಯವರ ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆ, ಪಡೆಯುವವರಿಗೆ ದುಡಿಮೆಯ ಮಿತಿ ಇದೆ, ದಾಟಿದರೆ ಭತ್ಯೆಗೇ ಕುತ್ತು. ಇಂಥ ಎಚ್ಚರಿಕೆ ಸಂಶೋಧಕರಿಗಿಂತ ಮೊದಲು ಇನ್ನೊಬ್ಬ ತಾಯಿಗೆ ಹೊಳೆಯುವುದೇ ಜಾಸ್ತಿ, ಅಲ್ವಾ?

ನಮ್ಮ ದೇಶಕ್ಕೆ ಬಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನೋಡಿ. ಮಕ್ಕಳ ಮೇಲಿನ ಅಧ್ಯಯನಕ್ಕೆ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, 12 ದಾಟಿದವರಿಂದ ಬರೆದ ಸಮ್ಮತಿ ಬೇಕು. ಇದು ಅಧ್ಯಯನಕ್ಕೆ ಒಳಗಾಗುವವರ ಲೆಕ್ಕ. ಪ್ರಶ್ನಾವಳಿ ತಿದ್ದಿಕೊಟ್ಟ ತಾಯಿಯನ್ನು ಈ ಸಾಲಿಗೆ ಎಳೆಯಬೇಡಿ.