ಮೂರು ಎಕ್ಸ್‌ಟರ್ನಲ್ ಡಿಸ್ಕ್ ಇವೆ, ರೇಡ್ 5 ಮಾಡಬಹುದೇ?

ಪ್ರಶ್ನೆ: ವಿಜಯಪುರದಾಗ ಮದುವಿ ಫೋಟೋ ತಗೀತೀನ್ರಿ. 2 ಟಿಬಿದು ಮೂರು ಎಕ್ಸ್‌ಟರ್ನಲ್ ಡಿಸ್ಕ್ ಅದಾವ. ಫೋಟೋ ಎಲ್ಲಾ ಒಂದರಾಗ ಅದಾವ, ಉಳಿದ ಎರಡು ಹೊಸವು. ಲ್ಯಾಪ್‌ಟಾಪಿನಾಗ ಉಬುಂಟು ಐತಿ. ಮೂರೂ ಕೂಡ್ಸಿ ರೇಡ್ 5 ಮಾಡ್ಲೇನ್ರಿ?

ಉತ್ತರ: ಬೇಡ. ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಡಿಸ್ಕಿನಂತೆ ಬಳಸುವುದು. ಹೊಸ ಎರಡನ್ನು ರೇಡ್ 1 ಮಾಡಿ, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರಲಿ. ಮೂರನೆಯದನ್ನು ಈ ಜೋಡಿಗೆ ಸೇರಿಸಲೇಬೇಡಿ.

ರೇಡ್ 5ರಲ್ಲಿ 4 ಟಿಬಿ ಜಾಗ ಸಿಗುತ್ತದೆ, ರೇಡ್ 1ರಲ್ಲಿ 2 ಮಾತ್ರ. ಆಸೆಯಾಗುವುದು ಸಹಜ. ಆದರೆ ರೇಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡು ಹೋದರೆ ನಿಂತುಬಿಡುತ್ತದೆ. ಯುಎಸ್‌ಬಿಯಲ್ಲಿ ಎರಡು ಒಟ್ಟಿಗೆ ಮಾಯವಾಗಲು ಡಿಸ್ಕ್ ಕೆಡಬೇಕಿಲ್ಲ. ಹಲವು ಡಿಸ್ಕ್‌ಗಳನ್ನು ಒಂದೇ ಪೋರ್ಟಿಗೆ ಜೋಡಿಸುವ ಹಬ್‌ನ ಕೇಬಲ್ ಅಲುಗಿದರೆ ಸಾಕು.

ನನಗೆ ನಿಜವಾದ ಚಿಂತೆ ಕರೆಂಟಿನದು. ಯುಎಸ್‌ಬಿ 3ರ ಪೋರ್ಟ್ ಕೊಡಬೇಕಾದದ್ದು 900 ಮಿಲಿಆಂಪಿಯರ್. ಸಣ್ಣ ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯಬಹುದು. ಹಾಗಾಗಿ ಸ್ವಂತ ಅಡಾಪ್ಟರ್ ಇರುವ ಹಬ್ ಒಳ್ಳೆಯದು. ಆದರೆ ಆ ಅಡಾಪ್ಟರನ್ನು ಬರೀ ಗೋಡೆಯ ಪ್ಲಗ್ಗಿಗೆ ಹಾಕಿದರೆ ಇನ್ನೊಂದು ಅಪಾಯ: ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಫೋಟೋ ಬರೆಯುತ್ತಿರುವಾಗಲೇ ಡಿಸ್ಕ್‌ಗಳೆರಡೂ ಆರಿಹೋಗುತ್ತವೆ. ಹಬ್ಬನ್ನು ಇನ್ವರ್ಟರ್ ಲೈನಿಗೆ ಕೊಡಿ, ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನೇ ಹಾಕಿ. ಊರಿಗೆ ಬೇಸಿಗೆ ಬರುವ ಮೊದಲೇ ಈ ಕೆಲಸ ಮುಗಿಸಿ.

ರೇಡ್ ಕಟ್ಟುವುದು ಎಂಡಿಆಡ್ಮ್ ಎಂಬ ಉಪಕರಣ. ಕಟ್ಟುವಾಗ ಡಿಸ್ಕಿನಲ್ಲಿದ್ದದ್ದು ಹೋಗುತ್ತದೆ. ಆದ್ದರಿಂದ ಫೋಟೋ ಇರುವ ಡಿಸ್ಕನ್ನು ಮೊದಲು ಕಿತ್ತು ಬೀರುವಿನಲ್ಲಿಡಿ. ಉಬುಂಟು ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ, ಪೋರ್ಟ್ ಬದಲಾದರೆ ಅವೂ ಅದಲುಬದಲಾಗಬಹುದು. ಸೀರಿಯಲ್ ನಂಬರ್ ನೋಡಿಯೇ ಆರಿಸಿ. ಕಟ್ಟಿದ ಜೋಡಿಯ ಮೇಲೆ ಎಕ್ಸ್‌ಟಿ4 ಫಾರ್ಮ್ಯಾಟ್ ಸಾಕು. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಬರೆದಿರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಈ ಜೋಡಿಯ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿ, ಇಲ್ಲದಿದ್ದರೆ ಡಿಸ್ಕ್ ಚುಚ್ಚದ ದಿನ ಉಬುಂಟು ಬೂಟ್ ಆಗದೆ ಎಮರ್ಜೆನ್ಸಿ ಮೋಡಿಗೆ ಹೋಗುತ್ತದೆ.

ಮೊದಲ ಸಲ ಎರಡೂ ಡಿಸ್ಕ್ ಸರಿಹೊಂದಲು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 100 ಎಂಬಿ ವೇಗವಿದ್ದರೂ 2 ಟಿಬಿಗೆ ಐದೂವರೆ ತಾಸು. ಆಮೇಲೆ ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ತೆರೆದರೆ ಚೌಕ ಆವರಣದಲ್ಲಿ ಎರಡು ಯು ಅಕ್ಷರ ಕಾಣಬೇಕು. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ಒಂದು ಡಿಸ್ಕ್ ಹೊರಬಿದ್ದಿದೆ. ವಾರಕ್ಕೊಮ್ಮೆಯಾದರೂ ನೋಡಿ, ಇಲ್ಲದಿದ್ದರೆ ರೇಡ್ ಒಂದೇ ಡಿಸ್ಕಿನ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ನಡೆದುಬಿಟ್ಟಿರುತ್ತದೆ.

ಈಗ ಬೀರುವಿನ ಡಿಸ್ಕಿನಿಂದ ಫೋಟೋಗಳನ್ನು ಜೋಡಿಗೆ ನಕಲು ಮಾಡಿ, ಮೂಲವನ್ನು ಅಳಿಸದೆ ಇಂಡಿಯಲ್ಲೋ ಸಿಂದಗಿಯಲ್ಲೋ ಬಂಧುಗಳ ಮನೆಯಲ್ಲಿಡಿ. ಒಂದು ಮದುವೆಯ ಫೋಲ್ಡರ್ ತಪ್ಪಿ ಅಳಿಸಿದರೆ ರೇಡ್ 1 ಅದನ್ನು ಆ ಕ್ಷಣವೇ ಎರಡೂ ಕಡೆ ಅಳಿಸುತ್ತದೆ. ತಿಂಗಳಿಗೊಮ್ಮೆ ಆ ಡಿಸ್ಕ್ ತಂದು, ಆರ್‌ಸಿಂಕ್ ಎಂಬ ನಕಲು ಮಾಡುವ ಉಪಕರಣದಲ್ಲಿ ಡಿಲೀಟ್ ಆಯ್ಕೆ ಕೊಡದೆ ಹೊಸ ಫೋಟೋ ತುಂಬಿಸಿ. ಇಲ್ಲಿ ಕಳೆದುಹೋದ ಫೋಲ್ಡರ್ ಅಲ್ಲಿ ಹಾಗೇ ಇರುತ್ತದೆ.