ಹೆಬ್ಬೆರಳಿನ ತೂಬು

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮಣ್ಣನ ಮನೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಟಿವಿಗೆ ಜೋಡಿಸಿ ಆಡುವ ಒಂದು ಸೆಕೆಂಡ್ ಹ್ಯಾಂಡ್ ಗೇಮ್ ಕನ್ಸೋಲ್ ಬಂತು. ಅಣ್ಣನ ಮಗ ಅದರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಹಾಕಿ, “ಚಿಕ್ಕಪ್ಪಾ, ಇದು ನಿಮ್ಮ ಕಾಲದ ಗೇಮ್ ಅಲ್ವಾ, ಬನ್ನಿ ಆಡೋಣ” ಅಂದ. ಹೌದು, ನನ್ನ ಕಾಲದ್ದೇ. 1999ರಲ್ಲಿ ಕಂಪ್ಯೂಟರಿಗೆ ಬಂದ, ಊರು ಕಟ್ಟಿ ಪಡೆ ಬೆಳೆಸಿ ಯುದ್ಧ ಮಾಡುವ ಆಟ ಅದು. ಕಾಲೇಜಿನ ದಿನಗಳಲ್ಲಿ ನಾವು ನಾಲ್ಕು ಜನ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದೆವು. ಕನ್ಸೋಲಿನ ಕಂಟ್ರೋಲರ್ ಹಿಡಿದು ಆಡುವ ಹಾಗೆ ಅದು ತಯಾರಾಗಿದ್ದು 2023ರಲ್ಲಿ. ನನಗೆ ಗೊತ್ತಿರುವ ಆಟ ತಾನೇ ಅಂತ ಧೈರ್ಯವಾಗಿ ಕೂತೆ.

ಈ ಆಟದಲ್ಲಿ ಮೊದಲ ಕೆಲಸ ಕುರಿ ಹುಡುಕಿ ಊರಿನವರ ಹೊಟ್ಟೆಗೆ ದಾರಿ ಮಾಡುವುದು. ಕುರಿ ಕಂಡಿತು. ಕರ್ಸರನ್ನು ಅದರ ಮೇಲೆ ತರೋಣ ಅಂತ ಸ್ಟಿಕ್, ಅಂದರೆ ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ಬಾಗಿಸುವ ಪುಟ್ಟ ಕಡ್ಡಿ, ತಳ್ಳಿದೆ. ಕರ್ಸರ್ ಕುರಿಯನ್ನು ದಾಟಿ ಮರದ ಹತ್ತಿರ ಹೋಯಿತು. ಹಿಂದಕ್ಕೆ ಎಳೆದೆ, ಈಚೆ ದಾಟಿತು. ಮೂರನೇ ಸಲಕ್ಕೆ ಸಿಕ್ಕಿತು. ಕಂಪ್ಯೂಟರಿನಲ್ಲಿ ಅರ್ಧ ಸೆಕೆಂಡೂ ಬೇಡದ ಕೆಲಸ ಇದು. ಕೈಗೆ ಏನಾಯಿತು ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಡಲಿಲ್ಲ.

ಉತ್ತರ ನಮ್ಮ ಗದ್ದೆಯಲ್ಲೇ ಇತ್ತು. ನಮ್ಮದು ಭದ್ರಾ ನಾಲೆಯ ಸೀಮೆ. ಗದ್ದೆಗೆ ಎರಡು ಇಂಚು ನೀರು ನಿಲ್ಲಬೇಕು ಅಂದರೆ ತೂಬಿಗೆ ‘ಎರಡು ಇಂಚು’ ಅಂತ ಹೇಳಲು ಬರುವುದಿಲ್ಲ. ತೂಬನ್ನು ಎಷ್ಟು ಎತ್ತುತ್ತೀರೋ ನೀರು ಅಷ್ಟು ಜೋರಾಗಿ ಬರುತ್ತದೆ, ಅಷ್ಟೇ. ಎಷ್ಟು ನೀರು ನಿಂತಿತು ಅನ್ನುವುದು ಎಷ್ಟು ಎತ್ತಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಎರಡನ್ನೂ ಅವಲಂಬಿಸಿದೆ. ಜಾಸ್ತಿ ಎತ್ತಿದರೆ ಬದು ದಾಟುತ್ತದೆ, ಕಡಿಮೆ ಎತ್ತಿದರೆ ಬೆಳಗಾಗುತ್ತದೆ. ನಮ್ಮಪ್ಪ ಒಂದು ಮೂಲೆ ಇನ್ನೂ ಒಣಗಿರುವಾಗಲೇ ತೂಬು ಇಳಿಸಿಬಿಡುತ್ತಿದ್ದರು. ಕಾಲುವೆಯಲ್ಲಿ ಉಳಿದ ನೀರು ಹರಿದು ಬಂದು ಆ ಮೂಲೆಯನ್ನು ತುಂಬುತ್ತಿತ್ತು.

ಕಂಟ್ರೋಲರಿನ ಸ್ಟಿಕ್ ಅಂದರೆ ಹೆಬ್ಬೆರಳಿಗೆ ಕೊಟ್ಟ ತೂಬು. ಮೌಸನ್ನು ಒಂದು ಗೇಣು ಸರಿಸಿದರೆ ಕರ್ಸರ್ ಅದಕ್ಕೆ ತಕ್ಕಷ್ಟು ದೂರ ಹೋಗಿ ನಿಲ್ಲುತ್ತದೆ. ಕೈ ನಿಂತರೆ ಅದೂ ನಿಂತಿತು. ಸ್ಟಿಕ್ ಹಾಗಲ್ಲ. ಅದನ್ನು ಬಾಗಿಸಿ ಹಿಡಿದಷ್ಟು ಹೊತ್ತೂ ಕರ್ಸರ್ ಓಡುತ್ತಲೇ ಇರುತ್ತದೆ. ಮೌಸ್ ಜಾಗ ಹೇಳುತ್ತದೆ, ಸ್ಟಿಕ್ ವೇಗ ಹೇಳುತ್ತದೆ. ವೇಗದಿಂದ ಜಾಗದ ಲೆಕ್ಕ ಹಾಕುವ ಕೆಲಸ ಆಡುವವರ ತಲೆಯ ಮೇಲೆ ಬೀಳುತ್ತದೆ. ಕುರಿ ತಲುಪುವ ಮೊದಲೇ ಹೆಬ್ಬೆರಳು ಸಡಿಲಿಸಬೇಕು, ಅಪ್ಪ ತೂಬು ಇಳಿಸಿದ ಹಾಗೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎರಡು ಲೋಹದ ಪಟ್ಟಿಗಳು, ಕೈಯಲ್ಲೊಂದು ಕಡ್ಡಿ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಎಷ್ಟು ಬೇಗ ತಟ್ಟಲು ಆಗುತ್ತದೆ ಅಂತ ನೋಡಿದರು. ಪಟ್ಟಿಗಳ ನಡುವಿನ ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಾಗುವುದಿಲ್ಲ, ಒಂದು ಸಣ್ಣ ತುಣುಕು ಮಾತ್ರ ಸೇರುತ್ತದೆ. ಪಟ್ಟಿಯ ಅಗಲ ಅರ್ಧಕ್ಕೆ ಕುಗ್ಗಿದರೂ ಅಷ್ಟೇ ತುಣುಕು ಸೇರುತ್ತದೆ. ಅಂದರೆ 16 ಸೆಂಟಿಮೀಟರ್ ಆಚೆ ಇರುವ ದೊಡ್ಡ ಕೋಟೆಯೂ, 8 ಸೆಂಟಿಮೀಟರ್ ಆಚೆ ಇರುವ ಅದರ ಅರ್ಧ ಅಗಲದ ಮನೆಯೂ ಕೈಗೆ ಒಂದೇ ಸಮ. 1978ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್, ಬೆಟ್ಟಿ ಬರ್ ಮೂವರೂ ಸೇರಿ ಮೌಸ್, ಜೋರಾಗಿ ಒತ್ತಿದಷ್ಟು ವೇಗವಾಗಿ ಓಡುವ ಜಾಯ್‌ಸ್ಟಿಕ್, ಮತ್ತೆ ಎರಡು ಬಗೆಯ ಕೀಲಿಗಳನ್ನು ಸ್ಪರ್ಧೆಗೆ ಇಟ್ಟರು. ತೆರೆಯ ಮೇಲಿನ ಪದವೊಂದನ್ನು ಮುಟ್ಟುವುದೇ ಪರೀಕ್ಷೆ. ಗೆದ್ದಿದ್ದು ಮೌಸ್. ಕುರಿಯ ಮುಂದೆ ನಾನು ಪಟ್ಟ ಪಾಡು ಹೊಸದೇನಲ್ಲ.

ಎರಡು ವಾರದ ಮೇಲೆ ಇನ್ನೊಂದು ತಾಪತ್ರಯ. ಯಾರೂ ಮುಟ್ಟದೇ ಇದ್ದರೂ ಕರ್ಸರ್ ತನ್ನಷ್ಟಕ್ಕೆ ಎಡಕ್ಕೆ ಜಾರತೊಡಗಿತು. ಆಡುವವರು ಇದನ್ನು ಡ್ರಿಫ್ಟ್ ಅನ್ನುತ್ತಾರೆ. ತಿರುಪು ಬಿಚ್ಚಿ ನೋಡಿದೆವು. ಸ್ಟಿಕ್‌ನ ಬುಡದಲ್ಲಿ ಒಂದಕ್ಕೊಂದು ಲಂಬಕೋನದಲ್ಲಿ ಎರಡು ಪುಟ್ಟ ಪೆಟ್ಟಿಗೆಗಳು. ಒಂದು ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ. ಒಳಗಿರುವುದು ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸುವ ಗುಂಡಿಯ ತತ್ವವೇ. ಇಂಗಾಲ ಬಳಿದ ಪಟ್ಟಿಯ ಮೇಲೆ ಲೋಹದ ನಾಲಗೆ ಸವರುತ್ತಾ ಹೋದಂತೆ ವಿದ್ಯುತ್ತಿನ ಒತ್ತಡ ಏರಿಳಿಯುತ್ತದೆ. ಸಾವಿರಾರು ಸಲ ಸವರಿದ ಮೇಲೆ ಪಟ್ಟಿ ಸವೆಯುತ್ತದೆ, ಪುಡಿ ಕೂರುತ್ತದೆ, ನಡುಭಾಗ ನಡುವಿನಲ್ಲಿ ಉಳಿಯುವುದಿಲ್ಲ. ಮೌಸ್ ಆಗಿದ್ದರೆ ಅಷ್ಟು ಸಣ್ಣ ತಪ್ಪಿನಿಂದ ಕರ್ಸರ್ ಕೂದಲೆಳೆಯಷ್ಟು ಸರಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಸೋರುವ ತೂಬು ರಾತ್ರಿಯೆಲ್ಲಾ ಸೋರಿದರೆ ಗದ್ದೆ ತುಂಬುತ್ತದೆ ನೋಡಿ, ಹಾಗೆ. ಅದಕ್ಕೇ ಆಟ ಬರೆಯುವವರು ಸ್ಟಿಕ್‌ನ ನಡುವೆ ಸ್ವಲ್ಪ ಜಾಗವನ್ನು ‘ಸತ್ತ ವಲಯ’ ಅಂತ ಬಿಟ್ಟು, ಅಷ್ಟರೊಳಗಿನ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೋರಿಕೆ ನಿಲ್ಲುತ್ತದೆ. ಆದರೆ ಹೆಬ್ಬೆರಳಿನ ನಾಜೂಕಿನ ಚಲನೆಯೂ ಅದರ ಜೊತೆಗೇ ಹೋಗುತ್ತದೆ.

ಇಷ್ಟೆಲ್ಲಾ ಅಡ್ಡಿ ಇದ್ದರೂ ಇಂಥ ಆಟವನ್ನು ಕನ್ಸೋಲಿಗೆ ತರುವುದನ್ನು ಜನ ಬಿಡಲಿಲ್ಲ. ರಿಯಲ್ ಟೈಮ್ ಸ್ಟ್ರಾಟಜಿಗೆ, ಅಂದರೆ ಎದುರಾಳಿಗೆ ಕಾಯದೆ ಇಬ್ಬರೂ ಒಟ್ಟಿಗೆ ನಡೆಸುವ ಯುದ್ಧದ ಆಟಕ್ಕೆ, ಕಂಪ್ಯೂಟರಿನಲ್ಲಿ ಗಟ್ಟಿ ರೂಪ ಕೊಟ್ಟಿದ್ದು 1992ರ ‘ಡ್ಯೂನ್ 2’. ಅದಕ್ಕೂ ಮೊದಲೇ, 1989ರಲ್ಲಿ, ಸೆಗಾ ಕನ್ಸೋಲಿಗೆ ಜಪಾನಿನಿಂದ ‘ಹರ್ಟ್ಸೋಗ್ ಜ್ವೈ’ ಬಂದಿತ್ತು. ಅದರಲ್ಲಿ ಕರ್ಸರೇ ಇಲ್ಲ. ದಂಡನಾಯಕನೇ ಒಂದು ವಿಮಾನ. ಟ್ಯಾಂಕನ್ನು ತಾನೇ ಎತ್ತಿಕೊಂಡು ಹೋಗಿ ಬೇಕಾದ ಕಡೆ ಇಳಿಸುತ್ತಾನೆ. ಎಂಥ ಸೊಗಸಾದ ಯೋಚನೆ! ತೋರಿಸುವ ಕೆಲಸ ಕಷ್ಟ ಅಂದಮೇಲೆ ಅದನ್ನು ಹಾರುವ ಕೆಲಸವಾಗಿ ಬದಲಿಸಿಬಿಟ್ಟರು. 2000ದಲ್ಲಿ ‘ಸ್ಟಾರ್‌ಕ್ರಾಫ್ಟ್’ ನಿಂಟೆಂಡೊ 64ಕ್ಕೆ ಬಂದಾಗ ಹಿಡಿದ ದಾರಿ ಬೇರೆ. ಕಂಪ್ಯೂಟರಿನ ಆಟವನ್ನೇ ಹೆಚ್ಚುಕಡಿಮೆ ಹಾಗೇ ಸ್ಟಿಕ್‌ಗೆ ದಾಟಿಸಿದರು. ಇವೆರಡರಲ್ಲಿ ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ.

2009ರ ‘ಹೇಲೋ ವಾರ್ಸ್’ ಕನ್ಸೋಲಿಗೆಂದೇ ಕೂತು ಮಾಡಿದ್ದು. ಅಲ್ಲಿ ಗುರುತು ತೆರೆಯ ನಡುವೆಯೇ ನಿಂತಿರುತ್ತದೆ, ಅದರ ಕೆಳಗೆ ನೆಲ ಸರಿಯುತ್ತದೆ. ಒಂದು ಗುಂಡಿ ಒತ್ತಿದರೆ ಕಣ್ಣೆದುರಿನ ಪಡೆಯಷ್ಟೂ ಕೈವಶ, ಇನ್ನೊಂದು ಒತ್ತಿದರೆ ಎಲ್ಲೆಲ್ಲಿರುವ ಪಡೆಯೂ ಕೈವಶ. ಕಟ್ಟಡ ಎಲ್ಲಿ ಬೇಕೋ ಅಲ್ಲಿ ಕಟ್ಟುವ ಹಾಗಿಲ್ಲ, ಅದಕ್ಕೆ ಮೊದಲೇ ಗೊತ್ತುಮಾಡಿದ ನಿವೇಶನಗಳಿವೆ. ಇದು ಆಟವನ್ನು ಪೆದ್ದು ಮಾಡಿದ್ದಲ್ಲ. ಸಣ್ಣ ಗುರಿಯನ್ನು ಮುಟ್ಟುವ ಕೆಲಸ ತೆಗೆದು, ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಅನ್ನುವ ಯೋಚನೆಯನ್ನು ಉಳಿಸಿದ್ದು.

ಕನ್ಸೋಲಿನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ದುಂಡು ಮೆನು. ಒಂದು ಗುಂಡಿ ಹಿಡಿದರೆ ತೆರೆಯ ಮೇಲೆ ಚಕ್ರ ಅರಳುತ್ತದೆ. ಮೇಲೆ ಮನೆ, ಬಲಕ್ಕೆ ಗಿರಣಿ, ಕೆಳಗೆ ಹೊಲ, ಹೀಗೆ. ನಡುವಿನಿಂದ ಎಲ್ಲವೂ ಒಂದೇ ದೂರ. ಇಲ್ಲಿ ಸ್ಟಿಕ್ ಹೇಳಬೇಕಾದ್ದು ವೇಗವನ್ನಲ್ಲ, ದಿಕ್ಕನ್ನು. ಅದರ ಸುತ್ತ ಪ್ಲಾಸ್ಟಿಕ್ಕಿನ ದುಂಡು ಅಂಚಿದೆ. ಅಂಚಿಗೆ ತಾಗುವವರೆಗೆ ಬೇಕಾದಷ್ಟು ಜೋರಾಗಿ ತಳ್ಳಿ, ದಾಟಿಹೋಗುವ ಭಯವೇ ಇಲ್ಲ. ಮೌಸಿಗೆ ಈ ಅಂಚಿನ ಆಸರೆ ಇಲ್ಲ. ಒಂದು ವಾರ ಕಳೆದ ಮೇಲೆ ನಮ್ಮ ಹುಡುಗ ಚಕ್ರದ ಕಡೆ ನೋಡುತ್ತಲೇ ಇರಲಿಲ್ಲ. ಗುಂಡಿ, ಬಲಕ್ಕೆ, ಮುಗಿಯಿತು.

‘ಏಜ್ ಆಫ್ ಎಂಪೈರ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೂಲಿಯಾಳುಗಳಿಗೆ ಒಬ್ಬೊಬ್ಬರಿಗೂ ಕೆಲಸ ಹೇಳುವ ಬದಲು ‘ಸೌದೆ ಕಡೆ ಜಾಸ್ತಿ ಜನ, ಚಿನ್ನದ ಕಡೆ ಕಡಿಮೆ’ ಅಂತ ಒಂದು ಪಾಲು ಹೇಳಿಬಿಡಬಹುದು, ಅವರೇ ಹಂಚಿಕೊಳ್ಳುತ್ತಾರೆ. ಬದು ಸರಿ ಮಾಡಿ ನೀರು ತಾನೇ ಹಂಚಿಕೆಯಾಗಲು ಬಿಟ್ಟ ಹಾಗೆ. ನನಗೆ ಮೊದಲು ಬೇಜಾರಾಯಿತು. ನಾವು ಒಬ್ಬೊಬ್ಬರನ್ನೂ ಹಿಡಿದು ದುಡಿಸಿದವರಲ್ವಾ. ಇವತ್ತಿಗೂ ಕೊರಿಯಾದ ಪರಿಣತ ಆಟಗಾರರ ಹಾಗೆ ನಿಮಿಷಕ್ಕೆ 300 ಆಜ್ಞೆ ಕೊಡುವ ಆಟಕ್ಕೆ ಕೀಬೋರ್ಡ್, ಮೌಸೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಸರದಿಯಂತೆ ಆಡುವ ಆಟಗಳಿಗೆ ಈ ಗೋಳು ಯಾವತ್ತೂ ಇರಲಿಲ್ಲ. 1988ರ ‘ಫ್ಯಾಮಿಕಾಮ್ ವಾರ್ಸ್’, 1990ರ ‘ಫೈರ್ ಎಂಬ್ಲಂ’ ಎರಡೂ ಕನ್ಸೋಲಿನಲ್ಲೇ ಹುಟ್ಟಿದವು. ಮನೆಯಿಂದ ಮನೆಗೆ ಕಾಯಿ ನಡೆಸುವುದು ಅಂದಮೇಲೆ ಬಾಣದ ಗುಂಡಿಯೇ ಸಾಕು. ಜಗಲಿ ಕಲ್ಲಿನ ಮೇಲೆ ಹುಲಿ-ಕುರಿ ಆಡುವಾಗ ಬೇಗ ಕಾಯಿ ಎತ್ತಿದವರು ಗೆಲ್ಲುತ್ತಾರೆಯೇ?

ಇಷ್ಟಾದರೂ ಒಂದು ತೊಂದರೆ ಉಳಿದಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಟಿವಿ 43 ಇಂಚಿನದು, ಇಷ್ಟು ದೊಡ್ಡದಿದ್ದೂ ಯಾಕೆ ಅಂತ ಟೇಪ್ ಹಿಡಿದು ಅಳೆದೆವು. ಸೋಫಾದಿಂದ ಹತ್ತು ಅಡಿ. ಅಷ್ಟು ದೂರದಿಂದ 95 ಸೆಂಟಿಮೀಟರ್ ಅಗಲದ ಆ ಟಿವಿ ಕಣ್ಣಿಗೆ ತುಂಬುವುದು ಸುಮಾರು 18 ಡಿಗ್ರಿ. ಕಂಪ್ಯೂಟರಿನ 22 ಇಂಚಿನ ಮಾನಿಟರ್ ಎರಡು ಅಡಿ ದೂರದಲ್ಲಿ ಸುಮಾರು 44 ಡಿಗ್ರಿ ತುಂಬುತ್ತದೆ. ದೊಡ್ಡ ಟಿವಿಯೇ ಕಣ್ಣಿಗೆ ಚಿಕ್ಕದು! ದೂರ ಐದು ಪಟ್ಟಾದರೆ ಅಕ್ಷರವೂ ಐದು ಪಟ್ಟು ಬೆಳೆಯಬೇಕು, ಇಲ್ಲದಿದ್ದರೆ ಕಣ್ಣಿಗೆ ಅದು ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಐದು ಅಡಿಗೆ ಹಾಕಿದೆವು. ಈಗ 35 ಡಿಗ್ರಿ. ಅಕ್ಷರ ಓದಲು ಬಂತು. ಕುರಿಯ ಹತ್ತಿರ ಹೋಗುವ ಮೊದಲೇ ಹೆಬ್ಬೆರಳು ಸಡಿಲಿಸಿದೆ, ಕರ್ಸರ್ ಸರಿಯಾಗಿ ಅದರ ಮೇಲೆ ಹೋಗಿ ನಿಂತಿತು. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ತಟ್ಟೆ ಹಿಡಿದು ಒಳಗೆ ಬಂದ ಅಮ್ಮ, “ಟಿವಿ ಮೂತಿಗೇ ಕೂತಿದೀರಲ್ರೋ, ಹಿಂದಕ್ಕೆ ಸರೀರಿ” ಅಂದರು.