ಓದುಗರ ಪ್ರಶ್ನೆ: ಮಯಾಮಿ ಬಂದರಿನಲ್ಲಿ ಇಳಿದು ವಿಮಾನ ನಿಲ್ದಾಣದ ಬಾಡಿಗೆ ಕಾರಿನವರೆಗೆ ಹೋಗುವುದು ಹೇಗೆ?

ಪ್ರಶ್ನೆ: ನಾವು ಐದು ಜನ, ಆರು ಸೂಟ್‌ಕೇಸ್. ಬಹಾಮಾಸ್ ಕ್ರೂಸ್ ಮುಗಿಸಿ ಭಾನುವಾರ ಬೆಳಿಗ್ಗೆ ಮಯಾಮಿ ಬಂದರಿಗೆ ಬರುತ್ತೇವೆ. ಮಯಾಮಿ ವಿಮಾನ ನಿಲ್ದಾಣದಲ್ಲಿ ಕಾರು ತೆಗೆದುಕೊಂಡು ಅಂದೇ ಒರ್ಲ್ಯಾಂಡೋಗೆ ಹೊರಡುವ ಯೋಚನೆ. ಬಂದರಿನಿಂದ ಕಾರಿರುವ ಜಾಗಕ್ಕೆ ಹೋಗುವುದು ಹೇಗೆ? ಕಾರನ್ನು ಎಷ್ಟು ಗಂಟೆಗೆ ಬುಕ್ ಮಾಡಬೇಕು?

ಉತ್ತರ: ಬಂದರಿನಲ್ಲೇ ದೊಡ್ಡ ಟ್ಯಾಕ್ಸಿಯನ್ನೋ ಊಬರ್ ಎಕ್ಸ್‌ಎಲ್ ಅನ್ನೋ ಹಿಡಿದು ನೇರವಾಗಿ ‘ರೆಂಟಲ್ ಕಾರ್ ಸೆಂಟರ್’ಗೆ ಹೋಗಿ. ಕಾರನ್ನು ಹತ್ತೂವರೆಗೆ ಬುಕ್ ಮಾಡಿ. ಚಾಲಕನಿಗೆ ಬರೀ ‘ಮಯಾಮಿ ಏರ್‌ಪೋರ್ಟ್’ ಎಂದು ಹೇಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಮಯಾಮಿಯಲ್ಲಿ ಬಾಡಿಗೆ ಕಾರುಗಳು ವಿಮಾನ ಟರ್ಮಿನಲ್ಲಿನ ಒಳಗಿಲ್ಲ. 2010ರಲ್ಲಿ ತೆರೆದ ರೆಂಟಲ್ ಕಾರ್ ಸೆಂಟರ್ ಎಂಬ ಬೇರೆಯೇ ಕಟ್ಟಡದಲ್ಲಿವೆ. ಅದು ಟರ್ಮಿನಲ್ಲಿನಿಂದ ಪೂರ್ವಕ್ಕೆ, ಲೆ ಜೂನ್ ರಸ್ತೆಯ ಆಚೆ ಇದೆ. ವಿಳಾಸ 3900, ನಾರ್ತ್‌ವೆಸ್ಟ್ 25ನೇ ಸ್ಟ್ರೀಟ್. ಆ್ಯಪ್‌ನಲ್ಲಿ ಇದನ್ನೇ ಹಾಕಿ. ಅಕಸ್ಮಾತ್ ಟರ್ಮಿನಲ್ಲಿಗೇ ಹೋಗಿ ಇಳಿದಿರೋ, ಗಾಬರಿ ಬೇಡ. ಮೂರನೇ ಮಹಡಿಗೆ ಹತ್ತಿ, ಡಾಲ್ಫಿನ್ ಮತ್ತು ಫ್ಲೆಮಿಂಗೊ ಪಾರ್ಕಿಂಗ್ ಕಟ್ಟಡಗಳ ನಡುವೆ ಇರುವ ‘ಎಂಐಎ ಮೂವರ್’ ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ಚಾಲಕನಿಲ್ಲದ ಪುಟ್ಟ ರೈಲು ಕೆಲವೇ ನಿಮಿಷಗಳಲ್ಲಿ ರೆಂಟಲ್ ಕಾರ್ ಸೆಂಟರಿಗೆ ಮುಟ್ಟಿಸುತ್ತದೆ. ಟಿಕೆಟ್ ಇಲ್ಲ. ಆದರೆ ಆರು ಸೂಟ್‌ಕೇಸ್‌ಗಳನ್ನು ಲಿಫ್ಟಿಗೆ, ರೈಲಿಗೆ, ಮತ್ತೆ ಲಿಫ್ಟಿಗೆ ಏರಿಸಿ ಇಳಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಬಂದರಿನಿಂದ ಹೊರಟವರಿಗೆ ಟರ್ಮಿನಲ್ಲಿನಲ್ಲಿ ಏನೂ ಕೆಲಸವಿಲ್ಲ.

ದೂರ ಸುಮಾರು 13 ಕಿಲೋಮೀಟರ್. ಬಂದರು ಇರುವುದು ಡಾಡ್ಜ್ ದ್ವೀಪದಲ್ಲಿ. 2014ರಲ್ಲಿ ತೆರೆದ ಸುರಂಗ ರಸ್ತೆಯಿಂದಾಗಿ ಈಗ ಪೇಟೆಯ ಸಿಗ್ನಲ್‌ಗಳಲ್ಲಿ ಸಿಕ್ಕಿಬೀಳದೆ ಹೆದ್ದಾರಿ ಸೇರಬಹುದು. ಅಲ್ಲಿಂದ ಡಾಲ್ಫಿನ್ ಎಕ್ಸ್‌ಪ್ರೆಸ್‌ವೇ ಹಿಡಿದು ಪಶ್ಚಿಮಕ್ಕೆ. ಭಾನುವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು, ವಾರದ ದಿನಗಳಲ್ಲಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸೆಂಟರಿನ ಹತ್ತಿರ ಬಂದಾಗ ‘ರೆಂಟಲ್ ಕಾರ್ ರಿಟರ್ನ್’ ಎಂಬ ಫಲಕ ಕಂಡು ಕೆಲವು ಚಾಲಕರು ಅತ್ತ ತಿರುಗಿಸುತ್ತಾರೆ. ಅದು ಕಾರು ಹಿಂದಿರುಗಿಸುವವರ ದಾರಿ. ಪ್ರಯಾಣಿಕರನ್ನು ಇಳಿಸುವ ಮುಂಬಾಗಿಲಿಗೇ ಹೋಗಬೇಕೆಂದು ಮೊದಲೇ ಹೇಳಿಡಿ.

ಮೆಟ್ರೊರೈಲಿನ ಆರೆಂಜ್ ಲೈನ್ ಕೂಡ ಇದೇ ಸಂಕೀರ್ಣಕ್ಕೆ ಬರುತ್ತದೆ. ಬಂದರಿಗೆ ಮಾತ್ರ ಮೆಟ್ರೊ ಇಲ್ಲ. ಗವರ್ನ್‌ಮೆಂಟ್ ಸೆಂಟರ್ ನಿಲ್ದಾಣದ ತನಕ ಹೇಗೂ ಬೇರೆ ಗಾಡಿ ಹಿಡಿಯಬೇಕು. ಬೆನ್ನಿಗೊಂದು ಚೀಲ ಹಾಕಿಕೊಂಡ ಒಂಟಿ ಪ್ರಯಾಣಿಕನಿಗೆ ಇದು ಸರಿ, ನಿಮ್ಮಂಥ ಕುಟುಂಬಕ್ಕಲ್ಲ.

ಈಗ ಸಮಯದ ಮಾತು. ಟಿಕೆಟ್‌ನಲ್ಲಿ ‘ಆಗಮನ ಬೆಳಿಗ್ಗೆ 7’ ಎಂದಿದ್ದರೆ ಅದು ಹಡಗು ದಡ ಮುಟ್ಟುವ ಹೊತ್ತು, ನೀವು ಇಳಿಯುವ ಹೊತ್ತಲ್ಲ. ಅಧಿಕಾರಿಗಳು ಹಡಗಿಗೆ ಅನುಮತಿ ಕೊಟ್ಟ ಮೇಲೆ, ತಮ್ಮ ಸಾಮಾನನ್ನು ತಾವೇ ಎಳೆದುಕೊಂಡು ಹೋಗುವವರನ್ನು ಮೊದಲು ಬಿಡುತ್ತಾರೆ. ಹಿಂದಿನ ರಾತ್ರಿ ಟ್ಯಾಗ್ ಕಟ್ಟಿ ಕೋಣೆಯ ಹೊರಗೆ ಸಾಮಾನು ಇಟ್ಟವರು ತಮ್ಮ ನಂಬರ್ ಕರೆಯುವವರೆಗೆ ಕಾಯಬೇಕು. ಆರು ಸೂಟ್‌ಕೇಸ್ ಇದ್ದರೆ ಟ್ಯಾಗ್ ಕಟ್ಟುವುದೇ ವಾಸಿ. ಎಂಟೂವರೆಗೆ ಹಡಗಿನಿಂದ ಹೊರಬಿದ್ದು, ಸಾಮಾನು ಹುಡುಕಿ, ಪಾಸ್‌ಪೋರ್ಟ್ ಸಾಲು ದಾಟುವಷ್ಟರಲ್ಲಿ ಒಂಬತ್ತೂಕಾಲು ಆಗುತ್ತದೆ. ಗಾಡಿ ಹತ್ತುವಾಗ ಒಂಬತ್ತೂವರೆ, ಸೆಂಟರ್ ಮುಟ್ಟುವಾಗ ಹತ್ತು. ಕೌಂಟರಿನ ಮುಂದಿನ ಸಾಲು ಅರ್ಧ ಗಂಟೆ ತಿನ್ನುವುದು ಅಪರೂಪವೇನಲ್ಲ. ಹತ್ತೂವರೆ ಎಂದದ್ದು ಈ ಲೆಕ್ಕದಿಂದ.

ಬೇಗ ಬುಕ್ ಮಾಡಿಟ್ಟರೆ ಏನು ನಷ್ಟ ಎನ್ನಬಹುದು. ಬುಕಿಂಗ್ ಸಮಯ ಮೀರಿದ ಮೇಲೆ ಕಾರನ್ನು ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದಕ್ಕೆ ಪ್ರತಿ ಕಂಪನಿಯೂ ಒಂದು ಮಿತಿ ಇಟ್ಟುಕೊಂಡಿರುತ್ತದೆ. ವಿಮಾನದಲ್ಲಿ ಬರುವವರು ಬುಕಿಂಗ್‌ನಲ್ಲಿ ಫ್ಲೈಟ್ ನಂಬರ್ ಕೊಟ್ಟಿರುತ್ತಾರೆ. ವಿಮಾನ ತಡವಾದರೆ ಕೌಂಟರಿಗೆ ಗೊತ್ತಾಗುತ್ತದೆ. ಹಡಗಿಗೆ ಅಂಥ ವ್ಯವಸ್ಥೆಯಿಲ್ಲ, ಮಂಜು ಕವಿದು ಹಡಗು ತಡವಾದರೆ ಫೋನ್ ಮಾಡಿ ತಿಳಿಸಬೇಕಾದವರು ನೀವೇ. ಇನ್ನೊಂದು ಕಡೆ, ಬುಕ್ ಮಾಡಿದ್ದಕ್ಕಿಂತ ಮುಂಚೆ ಹೋಗಿ ಕಾರು ತೆಗೆದುಕೊಂಡರೆ ಬಾಡಿಗೆಯ 24 ಗಂಟೆ ಆಗಲೇ ಶುರುವಾಗುತ್ತದೆ. ಕೊನೆಯ ದಿನ ಹಿಂದಿರುಗಿಸುವ ಸಮಯವನ್ನೂ ಅಷ್ಟೇ ಹಿಂದಕ್ಕೆ ಸರಿಸದಿದ್ದರೆ ಹೆಚ್ಚುವರಿ ಗಂಟೆಗಳ ದರ ಬೀಳುತ್ತದೆ.

ಪೇಟೆಯ ಶಾಖೆಯಲ್ಲಿ ಬಾಡಿಗೆ ಕಡಿಮೆ ಕಾಣುತ್ತದೆ, ವಿಮಾನ ನಿಲ್ದಾಣದ ಶುಲ್ಕಗಳು ಅಲ್ಲಿಲ್ಲ. ಆದರೆ ನೀವು ಬರುವುದು ಭಾನುವಾರ. ಅಂದು ಅಂಥ ಎಷ್ಟೋ ಶಾಖೆಗಳು ಮುಚ್ಚಿರುತ್ತವೆ, ಇಲ್ಲವೇ ಅರ್ಧ ದಿನ ಮಾತ್ರ ತೆರೆದಿರುತ್ತವೆ. ಹಾಗೆಯೇ ‘ಮಯಾಮಿ ಏರ್‌ಪೋರ್ಟ್’ ಎಂದು ಬರೆದುಕೊಂಡ ಅಗ್ಗದ ಕಂಪನಿಗಳಲ್ಲಿ ಕೆಲವು ಈ ಕಟ್ಟಡದೊಳಗೇ ಇರುವುದಿಲ್ಲ. ಬುಕಿಂಗ್ ಪತ್ರದಲ್ಲಿ ‘ಶಟಲ್’ ಎಂಬ ಪದ ಕಂಡರೆ, ಸೆಂಟರಿನಿಂದ ಮತ್ತೊಂದು ವ್ಯಾನ್ ಹತ್ತಬೇಕು ಎಂದರ್ಥ.

ಒಬ್ಬರು ಹೋಗಿ ಕಾರು ತಂದು ಉಳಿದವರನ್ನು ಬಂದರಿನಿಂದ ಕರೆದೊಯ್ಯುವ ಉಪಾಯ ಬೇಡ. ಹತ್ತೂವರೆಯ ಹೊತ್ತಿಗೆ ಮುಂದಿನ ಯಾನದ ಜನ ಸಾವಿರಗಟ್ಟಲೆ ಬಂದಿಳಿಯುತ್ತಿರುತ್ತಾರೆ. ಟರ್ಮಿನಲ್ಲಿನ ಮುಂದೆ ಕಾರು ನಿಲ್ಲಿಸಿ ಕಾಯಲು ಬಿಡುವುದಿಲ್ಲ. ಅಮೆರಿಕದ ರಸ್ತೆಯಲ್ಲಿ ಬಲಕ್ಕೆ ಓಡಿಸಿ ರೂಢಿಯಿಲ್ಲದವರಿಗೆ ಆ ಗದ್ದಲದಲ್ಲಿ ಸುತ್ತು ಹಾಕುವುದು ಹಿಂಸೆ.

ಹಿಂದಿನ ರಾತ್ರಿ ಸಾಮಾನು ಹೊರಗಿಡುವ ಮುನ್ನ ಒಂದು ಎಚ್ಚರ. ಎಲ್ಲರ ಪಾಸ್‌ಪೋರ್ಟ್, ಕಾರು ಓಡಿಸುವವರ ಡ್ರೈವಿಂಗ್ ಲೈಸೆನ್ಸ್ ಮತ್ತು ಕ್ರೆಡಿಟ್ ಕಾರ್ಡ್, ಔಷಧ ಇವೆಲ್ಲ ಕೈಚೀಲದಲ್ಲಿರಲಿ. ಲೈಸೆನ್ಸ್ ಎಂದರೆ ನಿಜವಾದ ಕಾರ್ಡ್. ಡಿಜಿಲಾಕರ್ ಪ್ರತಿ ಅಲ್ಲಿ ನಡೆಯುವುದಿಲ್ಲ. ಕರ್ನಾಟಕದ ಕಾರ್ಡಿನಲ್ಲಿ ವಿವರ ಇಂಗ್ಲಿಷ್‌ನಲ್ಲಿರುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಊರಿಂದ ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅರ್ಜಿಯ ನಮೂನೆ 4ಎ, ಪರವಾನಗಿಗೆ ಒಂದು ವರ್ಷದ ಅವಧಿ. ಅದು ಲೈಸೆನ್ಸಿಗೆ ಬದಲಿಯಲ್ಲ, ಎರಡನ್ನೂ ತೋರಿಸಬೇಕು.

ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಕಂಪನಿ ಠೇವಣಿಯಾಗಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತದೆ. ಫಾರೆಕ್ಸ್ ಕಾರ್ಡ್ ಮತ್ತು ಡೆಬಿಟ್ ಕಾರ್ಡ್ ಇದಕ್ಕೆ ಬಹಳ ಕಡೆ ಒಪ್ಪಿಗೆಯಾಗುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಭಾರತೀಯ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಮೊದಲೇ ತೆರೆದಿಡಿ, ಕೌಂಟರಿನ ಮುಂದೆ ನಿಂತು ಓಟಿಪಿಗೆ ಕಾಯುವ ಪಾಡು ಬೇಡ. ಫೋನ್ ಬಗ್ಗೆಯೂ ಒಂದು ಮಾತು: ಏರ್‌ಪ್ಲೇನ್ ಮೋಡ್ ತೆಗೆದಾಗ ಫೋನ್ ಹಡಗಿನ ದುಬಾರಿ ನೆಟ್‌ವರ್ಕಿಗೇ ಅಂಟಿಕೊಳ್ಳಬಹುದು. ಟರ್ಮಿನಲ್ಲಿನೊಳಗೆ ಬಂದ ಮೇಲೆ ಅಮೆರಿಕದ ನೆಟ್‌ವರ್ಕನ್ನು ಕೈಯಾರೆ ಆರಿಸಿ, ನಂತರ ಊಬರ್ ಕರೆಯಿರಿ. ಬಂದರಿನಲ್ಲಿ ಟರ್ಮಿನಲ್ಲುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ನಿಮ್ಮದು ಯಾವುದೆಂದು ನೋಡಿ ಆ್ಯಪ್‌ನಲ್ಲಿ ಅದನ್ನೇ ಹಾಕಿ.

ಕಾರಿನ ಗಾತ್ರದಲ್ಲಿ ಜಿಪುಣತನ ಮಾಡಬೇಡಿ. ಐದು ಸೀಟಿನ ಎಸ್‌ಯುವಿಯಲ್ಲಿ ಐದು ಜನ ಕೂತರೆ ಆರು ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ. ಏಳು ಸೀಟಿನ ಮಿನಿವ್ಯಾನ್ ತೆಗೆದುಕೊಂಡು, ಹಿಂದಿನ ಸಾಲಿನಲ್ಲಿ ಒಬ್ಬರಿಗೆ ಜಾಗ ಉಳಿಸಿಕೊಂಡು ಮಿಕ್ಕ ಭಾಗವನ್ನು ಮಡಚಿ. ಐದು ವರ್ಷದವರೆಗಿನ ಮಕ್ಕಳಿದ್ದರೆ ಫ್ಲಾರಿಡಾ ಕಾನೂನಿನಂತೆ ವಯಸ್ಸಿಗೆ ತಕ್ಕ ಮಕ್ಕಳ ಸೀಟು ಕಡ್ಡಾಯ, ಬುಕಿಂಗ್‌ನಲ್ಲೇ ಕೇಳಿಡಿ.

ಕೀ ಕೈಗೆ ಬಂದ ಮೇಲೆ ಕಾರಿನ ನಾಲ್ಕೂ ಬದಿ, ಚಕ್ರ, ಗಾಜು, ಪೆಟ್ರೋಲ್ ಮಟ್ಟ ಎಲ್ಲದರ ಫೋಟೊ ತೆಗೆಯಿರಿ. ಕಾಂಕ್ರೀಟ್ ಕಟ್ಟಡದೊಳಗೆ ಜಿಪಿಎಸ್ ತಡವರಿಸುತ್ತದೆ. ದಾರಿಯನ್ನು ಅಲ್ಲೇ ನಿಂತು ಒಮ್ಮೆ ನೋಡಿಕೊಂಡು ಹೊರಡಿ. ಮಯಾಮಿ ಸುತ್ತಲಿನ ಟೋಲ್ ರಸ್ತೆಗಳಲ್ಲಿ ನಗದು ತೆಗೆದುಕೊಳ್ಳುವವರಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಬಿಲ್ ಬಾಡಿಗೆ ಕಂಪನಿಗೆ ಹೋಗಿ, ಅದರ ಸೇವಾಶುಲ್ಕವೂ ಸೇರಿ ನಿಮ್ಮ ಕಾರ್ಡಿಗೆ ಬರುತ್ತದೆ. ಈ ಶುಲ್ಕ ದಿನಕ್ಕೆ ಎಷ್ಟು, ಟೋಲ್ ದಾಟಿದ ದಿನಗಳಿಗೆ ಮಾತ್ರವೋ ಬಾಡಿಗೆಯ ಎಲ್ಲ ದಿನಗಳಿಗೋ ಎಂದು ಕೌಂಟರಿನಲ್ಲೇ ಕೇಳಿ. ಒರ್ಲ್ಯಾಂಡೋಗೆ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಯ ಮೇಲೆ ಸುಮಾರು 380 ಕಿಲೋಮೀಟರ್, ನಾಲ್ಕು ಗಂಟೆಯ ದಾರಿ.

ಕೊನೆಗೆ, ಹಡಗಿನ ಟಿಕೆಟ್ಟನ್ನು ಇನ್ನೊಮ್ಮೆ ತೆಗೆದು ನೋಡಿ. ಅದರಲ್ಲಿ ‘ಪೋರ್ಟ್ ಎವರ್‌ಗ್ಲೇಡ್ಸ್’ ಎಂದಿದ್ದರೆ ನೀವು ಇಳಿಯುವುದು ಮಯಾಮಿಯಲ್ಲಲ್ಲ, ಸುಮಾರು 45 ಕಿಲೋಮೀಟರ್ ಉತ್ತರಕ್ಕಿರುವ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ಅಲ್ಲಿನ ವಿಮಾನ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ. ಹಾಗಿದ್ದರೆ ಮಯಾಮಿಯ ಬುಕಿಂಗ್ ರದ್ದು ಮಾಡಿ ಕಾರನ್ನು ಅಲ್ಲೇ ತೆಗೆದುಕೊಳ್ಳಿ. ಒರ್ಲ್ಯಾಂಡೋ ಅಲ್ಲಿಂದ ಇನ್ನೂ ಹತ್ತಿರ.